ಸೌದೆ ದೊಡ್ಡದೋ, ಸಿಡಿಮದ್ದು ದೊಡ್ಡದೋ?

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕಡೆ ಮಾವಿನ ತೋಪುಗಳಿಗೆ ಬರವಿಲ್ಲ. ಫಸಲು ನಿಂತ ಮುದಿಮರ ಸೌದೆಯಾಗಿ ಒಲೆ ಸೇರುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಅಡಗಿರುವ ಶಕ್ತಿ ಸುಮಾರು 16 ಮೆಗಾಜೌಲ್. ಬಾಂಬಿಗೆ ತುಂಬುವ ಟಿಎನ್‌ಟಿಯಲ್ಲಿ? ಕಿಲೋಗೆ ಬರೀ 4.2! ಮುದ್ದೆಗೆ ಹಾಕುವ ರಾಗಿ ಹಿಟ್ಟೇ 13 ದಾಟುತ್ತದೆ.

ಹಾಗಿದ್ದರೆ ಒಲೆ ಏಕೆ ಸಿಡಿಯುವುದಿಲ್ಲ? ಸೌದೆಯ ಇಂಗಾಲ, ಜಲಜನಕಗಳು ಆಮ್ಲಜನಕದೊಡನೆ ಇನ್ನಷ್ಟು ಬಿಗಿಯಾಗಿ ಬೆಸೆದುಕೊಳ್ಳುವಾಗ ಉಳಿಕೆಯಾದ ಶಕ್ತಿಯೇ ಬಿಸಿಯಾಗಿ ಹೊರಬೀಳುತ್ತದೆ. ಆ ಆಮ್ಲಜನಕ ಹೊರಗಿಂದ ಬರಬೇಕು. ಒಂದು ಕಿಲೋ ಸೌದೆಗೆ ಐದಾರು ಕಿಲೋ ಗಾಳಿ, ಅಂದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಟಿಎನ್‌ಟಿಯೋ ಆಮ್ಲಜನಕದ ಬುತ್ತಿಯನ್ನು ಅಣುವಿನೊಳಗೇ ಕಟ್ಟಿಕೊಂಡು ಬಂದಿರುತ್ತದೆ. ಬುತ್ತಿಯ ಭಾರವೂ ತಕ್ಕಡಿಗೆ ಬೀಳುವುದರಿಂದ ಕಿಲೋ ಲೆಕ್ಕದಲ್ಲಿ ಸೋಲುತ್ತದೆ, ಅವಸರದಲ್ಲಿ ಗೆಲ್ಲುತ್ತದೆ. ಸ್ಫೋಟದ ಅಲೆ ಅದರೊಳಗೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಒಂದು ಕಿಲೋ ಉಂಡೆ ಮುಗಿಯಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು ಸಾಕು. ಶಕ್ತಿಯನ್ನು ಸಮಯದಿಂದ ಭಾಗಿಸಿ ನೋಡಿ: 4 ಲಕ್ಷ ಮೆಗಾವಾಟ್! 2024ರ ಮೇ 30ರ ಬಿರುಬೇಸಿಗೆಯಲ್ಲಿ ಇಡೀ ಭಾರತ ಬೇಡಿದ ದಾಖಲೆಯ ವಿದ್ಯುತ್ತು ಸುಮಾರು 2.5 ಲಕ್ಷ. ಒಂದು ತಾಸು ಉರಿಯುವ ಕಿಲೋ ಸೌದೆಯದು ನಾಲ್ಕೂವರೆ ಸಾವಿರ ವಾಟ್ ಅಷ್ಟೇ.

ಇದೇ ಕೋಲಾರ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು ಇಂಥ ಅವಸರದ ಮದ್ದುಗಳಿಂದ. ಸೌದೆಗೆ ಬಂಡೆ ಬಗ್ಗುವುದಿಲ್ಲ ಎನ್ನಬೇಡಿ. ರಾಯಚೂರು ಜಿಲ್ಲೆಯ ಹಟ್ಟಿಯ ಪ್ರಾಚೀನ ಗಣಿಗಾರರು ಬೆಂಕಿ ಹಚ್ಚಿಯೇ ಬಂಡೆ ಬಿರಿಸುತ್ತಿದ್ದರು. ತಾಳ್ಮೆ ಬೇಕು, ಕಾಡೂ ಬೇಕು.

ಲೆಕ್ಕದ ಪ್ರಕಾರ ಕಿಲೋ ಸೌದೆ 50 ಲೀಟರ್ ನೀರು ಕುದಿಸಬೇಕು. ಮೂರು ಕಲ್ಲಿನ ಒಲೆಯಲ್ಲಿ ಕುದಿಯುವುದು ಐದರಿಂದ ಎಂಟು ಲೀಟರ್. ಉಳಿದದ್ದು ಹೊಗೆಯ ಜೊತೆ ಸೂರಿಗೆ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ತಂಡ ತನ್ನದೇ ಹೆಸರಿನ ಒಲೆ ರೂಪಿಸಿದ್ದು ಈ ಪೋಲು ತಡೆಯಲೆಂದೇ.

ಬೆಳಕಿನ ವಿಷಯದಲ್ಲಂತೂ ಉರಿ ಮಹಾ ದುಂದುಗಾರ. ಮೇಣದಬತ್ತಿ ಸುಮಾರು 80 ವಾಟ್ ಉರಿದು ಸಾವಿರದಲ್ಲೊಂದು ಪಾಲನ್ನೂ ಬೆಳಕಾಗಿಸದು. ಹೆಚ್ಚುಕಡಿಮೆ ಅಷ್ಟೂ ಬೆಳಕು ಕಾದ ಮಸಿಕಣಗಳದು. ಮನೆಯ 9 ವಾಟಿನ ಎಲ್‌ಇಡಿ ಬಲ್ಬಿಗೆ ಸಾಟಿಯಾಗಲು 65ಕ್ಕೂ ಹೆಚ್ಚು ಬತ್ತಿ ಹಚ್ಚಬೇಕು.

ಸುಮ್ಮನೆ ಕುಳಿತ ಮನುಷ್ಯನೂ ಹೆಚ್ಚುಕಡಿಮೆ 80 ವಾಟೇ. ನೂರು ಗ್ರಾಂ ಹಿಟ್ಟಿನ ಮುದ್ದೆ ಅವನನ್ನು ನಾಲ್ಕೂವರೆ ತಾಸು ನಡೆಸುತ್ತದೆ. ನಾವು ಬೆಳಕನ್ನೂ ಬೀರುತ್ತೇವೆ, ಕಣ್ಣಿಗೆ ಕಾಣುವುದಕ್ಕಿಂತ ಸಾವಿರ ಪಟ್ಟು ಮಂಕಾಗಿ. 2009ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಚಿತ್ರ ತೆಗೆದು ಪ್ರಕಟಿಸಿದರು: ಹೆಚ್ಚು ಹೊಳೆದದ್ದು ಮುಖ, ಅದೂ ಸಂಜೆ ನಾಲ್ಕರ ಹೊತ್ತಿಗೆ.