ಚಿನ್ನದ ಮೊಳೆಯೂ ಭಾವಚಿತ್ರಕಾರನೂ

ಕಾಲೇಜಿನ ವರ್ಷಾಂತ್ಯದಲ್ಲಿ ಗುಂಪುಚಿತ್ರ ತೆಗೆಸಿಕೊಳ್ಳುವ ಸಂಭ್ರಮವನ್ನು ಕಾಣದವರಾರು? ಮುಂದಿನ ಸಾಲಿನ ಕುರ್ಚಿಗಳು ಪ್ರಾಂಶುಪಾಲರಿಗೂ ಅಧ್ಯಾಪಕರಿಗೂ ಮೀಸಲು. ವಿದ್ಯಾರ್ಥಿಗಳು ಹಿಂದೆ, ಬೆಂಚುಗಳ ಮೇಲೆ. ಆ ಕುರ್ಚಿಗಳನ್ನು ಹೊತ್ತು ತಂದು ಸಾಲಾಗಿ ಇರಿಸಿದ ಜವಾನನು ಮಾತ್ರ, ಚಿತ್ರ ತೆಗೆಯುವ ವೇಳೆಗೆ, ಛಾಯಾಗ್ರಾಹಕನ ಬೆನ್ನ ಹಿಂದೆ ನಿಂತಿರುತ್ತಾನೆ. ಇದು ನನಗೆ ಹೊಳೆದದ್ದು ಅಮೆರಿಕದ ಒಂದು ಹಳೆಯ ಚಿತ್ರವನ್ನು ನೋಡುತ್ತಿದ್ದಾಗ. 1869ನೆಯ ಇಸವಿಯಲ್ಲಿ ಎರಡು ರೈಲ್ವೆ ಕಂಪನಿಗಳು ನಡೆಸಿದ ಸಮಾರಂಭದ ಚಿತ್ರವದು. ಆ ಸಮಾರಂಭಕ್ಕೆ ಕ್ಯಾಮೆರಾ ಹೊತ್ತು ಹೋದ ಮೂವರಲ್ಲಿ ಒಬ್ಬನು ಊರಿನ ಜನರ ಮುಖಗಳನ್ನು ತೆಗೆದು ಹೊಟ್ಟೆ ಹೊರೆಯುತ್ತಿದ್ದ ಭಾವಚಿತ್ರಕಾರ.

ಅವನ ಹೆಸರು ಚಾರ್ಲ್ಸ್ ರಾಸ್ಕೋ ಸ್ಯಾವೇಜ್. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 1832ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಸಾಗರ ದಾಟಿ, 1860ರಲ್ಲಿ ಯೂಟಾ ಪ್ರಾಂತದ ಸಾಲ್ಟ್ ಲೇಕ್ ನಗರವನ್ನು ಸೇರಿದನು. ಮುಂದೆ ಜಾರ್ಜ್ ಆಟಿಂಜರ್ ಎಂಬ ವರ್ಣಚಿತ್ರಕಾರನೊಡನೆ ಪಾಲುದಾರನಾಗಿ ಚಿತ್ರಶಾಲೆ ನಡೆಸಿದನು. ಆ ಕಾಲದಲ್ಲಿ ಭಾವಚಿತ್ರವೆಂದರೆ ಸಣ್ಣ ತಪಸ್ಸೇ ಸರಿ. ಗಾಜಿನ ಮಾಡಿನಿಂದ ಇಳಿಯುವ ಬೆಳಕಿನಲ್ಲಿ, ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿಕೆಯ ಆಸರೆ ಪಡೆದು, ಕೆಲವು ಸೆಕೆಂಡುಗಳ ಕಾಲ ಕದಲದೆ ಕೂರಬೇಕು. ನಮ್ಮ ಅಜ್ಜಂದಿರ ಚಿತ್ರಗಳಲ್ಲಿ ನಗೆ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು!

ಇಂಥ ಸ್ಯಾವೇಜನಿಗೆ ಯೂನಿಯನ್ ಪೆಸಿಫಿಕ್ ಕಂಪನಿಯಿಂದ ಆಹ್ವಾನ ಬಂದಿತು. ಪೂರ್ವದಿಂದ ಆ ಕಂಪನಿಯೂ ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯೂ ಹಾಸಿಕೊಂಡು ಬಂದಿದ್ದ ಹಳಿಗಳು ಉಪ್ಪಿನ ಸರೋವರದ ಉತ್ತರಕ್ಕಿರುವ ಪ್ರಾಮಂಟರಿ ಎಂಬ ದಿಣ್ಣೆಯಲ್ಲಿ ಕೂಡುವುದಿತ್ತು. ಎರಡೂ ಸೇರಿ 1,776 ಮೈಲಿ ದಾರಿ. ಸಮಾರಂಭ ಗೊತ್ತಾಗಿದ್ದುದು ಮೇ 8ಕ್ಕೆ. ಆದರೆ ಯೂನಿಯನ್ ಪೆಸಿಫಿಕ್‌ನ ಉಪಾಧ್ಯಕ್ಷ ಡ್ಯೂರಂಟನ ಗಾಡಿಯನ್ನು, ಕೂಲಿ ಬಾರದೆ ಕುದಿಯುತ್ತಿದ್ದ ಕೆಲಸಗಾರರು ದಾರಿಯಲ್ಲೇ ತಡೆದು ನಿಲ್ಲಿಸಿದರು. ಮಳೆಯೂ ದಾರಿ ಕೆಡಿಸಿತ್ತು. ಸಮಾರಂಭ ಮೇ 10ಕ್ಕೆ ಮುಂದೆ ಹೋಯಿತು. ಚಿನ್ನದ ಮೊಳೆಯ ಮೇಲೆ ಮಾತ್ರ ಮೇ 8 ಎಂದೇ ಕೊರೆದಿತ್ತು. ಇಂದಿಗೂ ಹಾಗೆಯೇ ಇದೆ.

ಸ್ಯಾವೇಜ್ ಕೆಲವು ದಿನ ಮೊದಲೇ ಹೋಗಿ ಕೆಲಸಗಾರರ ಬಿಡಾರಗಳನ್ನು ಕಂಡನು. ಆ ಬಿಡಾರಗಳಲ್ಲಿ ಇಪ್ಪತ್ತೈದು ದಿನಗಳೊಳಗೆ ಇಪ್ಪತ್ತನಾಲ್ಕು ಮಂದಿ ಕೊಲೆಯಾದರೆಂದು ಕೇಳಿದ್ದನ್ನು ದಿನಚರಿಯಲ್ಲಿ ಬರೆದಿಟ್ಟನು. ಇಷ್ಟು ಒರಟು ಜನ ಒಂದೆಡೆ ಸೇರಿದ್ದನ್ನು ಅವನು ಬೇರೆಲ್ಲೂ ಕಂಡಿರಲಿಲ್ಲವಂತೆ. ಆದರೆ ಕಂಪನಿ ಅವನನ್ನು ಕರೆಸಿದ್ದು ಹಳಿ ಕೂಡುವುದನ್ನು ತೋರಿಸುವುದಕ್ಕೆ. ಬಿಡಾರದ ಸಂಗತಿ ದಿನಚರಿಯಲ್ಲೇ ಉಳಿಯಿತು.

ಬಯಲಿನಲ್ಲಿ ಚಿತ್ರ ತೆಗೆಯುವುದು ಇನ್ನೊಂದೇ ಪಾಡು. ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಕೆಲವೇ ನಿಮಿಷಗಳಲ್ಲಿ ಕತ್ತಲೆಯ ಗುಡಾರದೊಳಗೆ ಸಂಸ್ಕರಿಸಬೇಕು. ದೂಳಿನ ಒಂದು ಕಣ ಸಾಕು, ಕೆಲಸ ಕೆಡಲು. ಸುತ್ತಿಗೆ ಬೀಸುವ ಕೈ ಆ ಗಾಜಿನ ಮೇಲೆ ಬರಿಯ ಮಂಜಾಗಿ ಮೂಡೀತು. ಆದ್ದರಿಂದ ಛಾಯಾಗ್ರಾಹಕರು ಚಿತ್ರಶಾಲೆಯ ವಿದ್ಯೆಯನ್ನೇ ಬಯಲಿಗೆ ತಂದರು: ನೂರಾರು ಜನರನ್ನು ಅಲುಗದಂತೆ ನಿಲ್ಲಿಸಿದರು. ಎದುರುಬದುರಾಗಿ ಜುಪಿಟರ್ ಮತ್ತು 119ನೆಯ ನಂಬರಿನ ಉಗಿಬಂಡಿಗಳು. ನಡುವೆ ಎರಡು ಕಂಪನಿಗಳ ಮುಖ್ಯ ಇಂಜಿನಿಯರುಗಳ ಹಸ್ತಲಾಘವ. ಮೇಲೆ ಎತ್ತಿ ಹಿಡಿದ ಶಾಂಪೇನ್ ಸೀಸೆ. ಜಗತ್ಪ್ರಸಿದ್ಧವಾದ ಈ ಚಿತ್ರ ತೆಗೆದವನು ಯೂನಿಯನ್ ಪೆಸಿಫಿಕ್‌ನ ಆಂಡ್ರ್ಯೂ ರಸೆಲ್. ಬಹುಕಾಲ ಅದು ಸ್ಯಾವೇಜನದೆಂದೂ ಹೇಳಲಾಗುತ್ತಿತ್ತು. ಮೂರನೆಯವನು ಸೆಂಟ್ರಲ್ ಪೆಸಿಫಿಕ್‌ನ ಆಲ್ಫ್ರೆಡ್ ಹಾರ್ಟ್. ದಿನವಿಡೀ ದುಡಿದು ಕೆಲವು ಒಳ್ಳೆಯ ನೋಟಗಳನ್ನು ಪಡೆದೆನೆಂದು ಸ್ಯಾವೇಜ್ ಆ ಸಂಜೆ ಬರೆದುಕೊಂಡನು. ಅವನ ಚಿತ್ರವೊಂದನ್ನು ಮರದ ಅಚ್ಚಿಗೆ ಕೆತ್ತಿ, ಜೂನ್ 5ರ ಸಂಚಿಕೆಯಲ್ಲಿ ಹಾರ್ಪರ್ಸ್ ವೀಕ್ಲಿ ಪ್ರಕಟಿಸಿತು. ಸಚಿತ್ರ ವಾರಪತ್ರಿಕೆಯ ಓದುಗರಿಗೆ ಆ ದಿನಗಳ ಬೆರಗನ್ನು ನಾನು ಬಣ್ಣಿಸಬೇಕಾಗಿಲ್ಲ.

ಇನ್ನು ಜವಾನನ ಮಾತಿಗೆ ಬರೋಣ. ಸೆಂಟ್ರಲ್ ಪೆಸಿಫಿಕ್‌ನ ದಾರಿಗಾಗಿ ಸಿಯೆರಾ ನೆವಾಡಾದ ಬಂಡೆ ಕೊರೆದವರಲ್ಲಿ ಬಹುಪಾಲು ಚೀನೀಯರು, ಸಾವಿರಗಟ್ಟಲೆ ಜನ. ಸಮಾರಂಭದ ದಿನ ಕೊನೆಯ ಹಳಿಯನ್ನು ತಂದು ಇಟ್ಟವರಲ್ಲಿಯೂ ಚೀನೀಯರಿದ್ದರು. ಆದರೆ ರಸೆಲನ ಆ ಗುಂಪುಚಿತ್ರದಲ್ಲಿ ಎಷ್ಟು ಹುಡುಕಿದರೂ ಅವರ ಮುಖ ಸ್ಪಷ್ಟವಾಗಿ ಕಾಣದು. ಛಾಯಾಗ್ರಾಹಕರನ್ನು ದೂರುವುದು ಸುಲಭ. ನಾನು ಪೂರ್ತಿ ದೂರಲಾರೆ. ಕುರ್ಚಿಗಳ ಸಾಲನ್ನು ಗೊತ್ತುಮಾಡುವವನು ಹಣ ಕೊಡುವವನೇ. ಸೆಂಟ್ರಲ್ ಪೆಸಿಫಿಕ್‌ನ ಅಧ್ಯಕ್ಷ ಸ್ಟ್ಯಾನ್‌ಫರ್ಡನ ಪ್ರೇರಣೆಯಿಂದ ಥಾಮಸ್ ಹಿಲ್ 1881ರಲ್ಲಿ ಮುಗಿಸಿದ ವರ್ಣಚಿತ್ರದಲ್ಲಂತೂ ಅಂದು ಅಲ್ಲಿಲ್ಲದವರೂ, ಆರು ವರ್ಷ ಮೊದಲೇ ತೀರಿಹೋಗಿದ್ದ ಇಂಜಿನಿಯರ್ ಜ್ಯೂಡಾನೂ ನಿಂತಿದ್ದಾರೆ! ಕೊನೆಗೆ ಸ್ಟ್ಯಾನ್‌ಫರ್ಡ್ ಅದನ್ನು ಕೊಳ್ಳಲೇ ಇಲ್ಲ.

ಸ್ಯಾವೇಜ್ ಮುಂದೆಯೂ ರೈಲ್ವೆಗಳಿಗಾಗಿ ಚಿತ್ರ ತೆಗೆದನು. 1883ರ ಬೆಂಕಿಯಲ್ಲಿ ಚಿತ್ರಶಾಲೆಯೂ ಅದರೊಳಗಿನ ಗಾಜಿನ ಮೂಲಪ್ರತಿಗಳೂ ನಾಶವಾದವು. ಮತ್ತೆ ಮೊದಲಿನಿಂದ ಕೂಡಿಹಾಕಿ, 1909ರಲ್ಲಿ ತೀರಿಕೊಂಡನು.

ನ್ಯೂಯಾರ್ಕಿನಲ್ಲಿ 1947ರಲ್ಲಿ ಜನಿಸಿದ ಚೀನೀ ಮೂಲದ ಕಾರ್ಕಿ ಲೀ ಶಾಲೆಯಲ್ಲಿ ಓದುತ್ತಿದ್ದಾಗ ರಸೆಲನ ಚಿತ್ರವನ್ನು ಪಠ್ಯಪುಸ್ತಕದಲ್ಲಿ ಕಂಡು, ಭೂತಗನ್ನಡಿ ಹಿಡಿದು ತನ್ನವರನ್ನು ಹುಡುಕಿ ನಿರಾಶನಾದನು. ಬೆಳೆದು ತಾನೂ ಛಾಯಾಗ್ರಾಹಕನಾದನು. 2014ರ ಮೇ 10ರಂದು ಅವನು ಪ್ರಾಮಂಟರಿಗೆ ಆ ಕಾರ್ಮಿಕರ ವಂಶಜರನ್ನೂ ಇತರ ಏಷ್ಯಾ ಮೂಲದವರನ್ನೂ ಕರೆತಂದು, ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ಅದೇ ಎರಡು ಉಗಿಬಂಡಿಗಳ ನಡುವೆ ಸಾಲಾಗಿ ನಿಲ್ಲಿಸಿ, ಎಲ್ಲರೂ ಕಾಣುವಂತೆ ಚಿತ್ರ ತೆಗೆದನು.