ವಿಶ್ವವಿದ್ಯಾನಿಲಯಗಳ ದೇಶಾಂತರ ಸಂಬಂಧ

ಒಂದು ದೇಶದ ವಿಶ್ವವಿದ್ಯಾನಿಲಯದಲ್ಲಿ ಕಲಿತ ವಿದ್ಯೆಯು ಮತ್ತೊಂದು ದೇಶದಲ್ಲಿ ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕಚೇರಿಯ ಗುಮಾಸ್ತರಿಗೆ ಮಾತ್ರ ಸಂಬಂಧಪಟ್ಟುದೆಂದು ತೋರಬಹುದು. ಆದರೆ ಎಷ್ಟೋ ಹೆಣ್ಣುಮಕ್ಕಳ ಬಾಳಿನ ಒಂದೆರಡು ವರ್ಷಗಳು ಈ ಪ್ರಶ್ನೆಯ ಉತ್ತರವನ್ನೇ ನೆಚ್ಚಿಕೊಂಡಿರುತ್ತವೆ. ನಮ್ಮ ಶಾಲೆಯಲ್ಲಿ ಓದಿದ ವಿದ್ಯಾರ್ಥಿನಿಯರು ಈಚಿನ ವರ್ಷಗಳಲ್ಲಿ ಜರ್ಮನಿ, ಐರ್ಲೆಂಡು, ಆಸ್ಟ್ರೇಲಿಯ ಮೊದಲಾದ ಕಡೆಗಳಿಂದ ನಮಗೆ ಬರೆದು, ಅಂಕಪಟ್ಟಿಯ ನಕಲನ್ನೂ ಗುಣನಡತೆಯ ಪತ್ರವನ್ನೂ ಕೇಳುತ್ತಿರುವರು. ಈಗ ಶಾಲೆಯಲ್ಲಿರುವ ಮಕ್ಕಳ ತಾಯಂದಿರೂ ಈ ವಿಷಯವಾಗಿ ನಮ್ಮನ್ನು ವಿಚಾರಿಸುವುದುಂಟು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತವೆಂದು ಭಾವಿಸಿದ್ದೇವೆ.

ವಿದ್ಯೆಗಾಗಿ ದೇಶಾಂತರ ಹೋಗುವುದು ಹೊಸ ಸಂಗತಿಯೇನೂ ಅಲ್ಲ. ೭ನೆಯ ಶತಮಾನದಲ್ಲಿ ಚೀನಾದೇಶದ ಹ್ಯೂಯೆನ್ ತ್ಸಾಂಗನು ಮರುಭೂಮಿಗಳನ್ನು ದಾಟಿ ನಾಲಂದಕ್ಕೆ ಬಂದು, ಅಲ್ಲಿ ಶೀಲಭದ್ರನ ಬಳಿ ವ್ಯಾಸಂಗಮಾಡಿ, ೬೫೭ ಗ್ರಂಥಗಳನ್ನು ಹೊತ್ತುಕೊಂಡು ಹಿಂದಿರುಗಿದನು. ಇಟಲಿಯ ಬೊಲೋನ್ಯ ನಗರದ ವಿಶ್ವವಿದ್ಯಾನಿಲಯವಂತೂ, ಪರ್ವತಗಳಾಚೆಯಿಂದ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡುದರಿಂದಲೇ ಬೆಳೆಯಿತು. ಆ ಕಾಲದಲ್ಲಿ ಪರದೇಶದ ವಿದ್ಯಾರ್ಥಿಗೆ ಒಂದು ವಿಚಿತ್ರವಾದ ಕಷ್ಟವಿದ್ದಿತು. ಅವನ ನಾಡಿನವನೊಬ್ಬನು ಆ ಊರಿನಲ್ಲಿ ಸಾಲಮಾಡಿ ಓಡಿಹೋದರೆ, ಸಾಲ ಕೊಟ್ಟವರು ಈ ಬಡ ವಿದ್ಯಾರ್ಥಿಯನ್ನು ಹಿಡಿದು ಕೂಡಿಸುತ್ತಿದ್ದರು! ೧೨ನೆಯ ಶತಮಾನದ ಮಧ್ಯದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನು ಒಂದು ಶಾಸನವನ್ನು ಹೊರಡಿಸಿ ಈ ಪದ್ಧತಿಯನ್ನು ನಿಷೇಧಿಸಿದನು. ವಿದ್ಯೆಗಾಗಿ ಸಂಚರಿಸುವವರಿಗೆ ದಾರಿಯಲ್ಲಿ ರಕ್ಷಣೆಯನ್ನೂ ಕೊಟ್ಟನು. ಆಗ ಯೂರೋಪಿನ ಪಂಡಿತರೆಲ್ಲರಿಗೂ ಲ್ಯಾಟಿನ್ ಒಂದೇ ಭಾಷೆಯಾಗಿದ್ದುದರಿಂದ, ಬೊಲೋನ್ಯದಲ್ಲಿ ಕಲಿತವನು ಪ್ಯಾರಿಸಿನಲ್ಲಿ ಮೂಕನಾಗುತ್ತಿರಲಿಲ್ಲ.

ಆದರೆ ಈ ಸಂಚಾರವೆಲ್ಲ ಪುರುಷರದು. ಹೆಂಗಸರ ಸರದಿಯು ಬರುವುದಕ್ಕೆ ಬಹುಕಾಲ ಹಿಡಿಯಿತು. ೧೮೮೩ರಲ್ಲಿ ಆನಂದಿಬಾಯಿ ಜೋಶಿಯವರು ಕಲ್ಕತ್ತೆಯಿಂದ ಹಡಗು ಹತ್ತಿ ಅಮೆರಿಕೆಯ ಪೆನ್ಸಿಲ್ವೇನಿಯ ಮಹಿಳಾ ವೈದ್ಯಕೀಯ ಕಾಲೇಜಿಗೆ ಹೋದರು. ೧೮೮೬ರಲ್ಲಿ ವೈದ್ಯ ಪದವಿಯನ್ನು ಪಡೆದು, ಮರುವರ್ಷವೇ, ಇನ್ನೂ ೨೨ ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು. ಅವರು ಆ ಕಾಲೇಜಿನಲ್ಲಿದ್ದಾಗ ೧೮೮೫ರಲ್ಲಿ ತೆಗೆದ ಒಂದು ಛಾಯಾಚಿತ್ರವನ್ನು ವಾಚಕರು ಕಂಡಿರಬಹುದು. ಸೀರೆಯುಟ್ಟ ಆನಂದಿಬಾಯಿ, ಕಿಮೋನೊ ಧರಿಸಿದ ಜಪಾನಿನ ಕೇಕೊ ಒಕಾಮಿ, ಸಿರಿಯದ ಉಡುಪಿನ ಸಬಾತ್ ಇಸ್ಲಾಂಬೂಲಿ, ಈ ಮೂವರು ಒಟ್ಟಿಗೆ ಕುಳಿತಿರುವರು. ತಂತಮ್ಮ ದೇಶದಲ್ಲಿ ಹೆಣ್ಣಿಗೆ ತೆರೆಯದ ಬಾಗಿಲು ಪರದೇಶದಲ್ಲಿ ತೆರೆದಿದ್ದುದೇ ಆ ಮೂವರನ್ನು ಒಂದೆಡೆ ಸೇರಿಸಿದುದು.

ನಮ್ಮ ನಾಡಿನವರನ್ನೇ ನೋಡುವುದಾದರೆ, ನಂಜನಗೂಡಿನಲ್ಲಿ ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರಿದ್ದಾರೆ. ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿ, ಸರ್ಕಾರದ ವಿದ್ಯಾರ್ಥಿವೇತನದಿಂದ ೧೯೪೭ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ೧೯೫೩ರಲ್ಲಿ ಡಾಕ್ಟರ್ ಪದವಿಯೊಡನೆ ಮರಳಿ ಬಂದು, ಭಾರತೀಯ ವಿಜ್ಞಾನ ಮಂದಿರದಲ್ಲಿ ಸೂಕ್ಷ್ಮತರಂಗಗಳ ವಿಷಯವನ್ನು ದೀರ್ಘಕಾಲ ಬೋಧಿಸಿದರು.

ಆನಂದಿಬಾಯಿಯವರಾಗಲಿ ರಾಜೇಶ್ವರಿಯವರಾಗಲಿ ಒಂದು ಪದವಿಯನ್ನು ಆದಿಯಿಂದ ಅಂತ್ಯದವರೆಗೆ ಪರದೇಶದಲ್ಲಿಯೇ ಮುಗಿಸಿದವರು. ಸ್ವದೇಶದಲ್ಲಿ ಓದುತ್ತಿದ್ದು ನಡುವೆ ಒಂದು ವರ್ಷ ಬೇರೆಡೆ ಕಲಿತು ಬಂದವರ ಪಾಡು ಬೇರೆ. ಸೋಫಿಯ ಕೊರ್ರಾದಿ ಎಂಬ ಇಟಲಿಯ ಹೆಣ್ಣುಮಗಳು ರೋಮಿನಲ್ಲಿ ಕಾನೂನು ಓದುತ್ತಿದ್ದವರು, ೧೯೫೭ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನವನ್ನು ಗಳಿಸಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿ ತೌಲನಿಕ ಕಾನೂನಿನಲ್ಲಿ ಉನ್ನತ ಪದವಿಯನ್ನೇ ಪಡೆದರು. ಹಿಂದಿರುಗಿ, ತಾವು ಅಲ್ಲಿ ಕಲಿತುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳಿದಾಗ, ಕಚೇರಿಯಲ್ಲಿದ್ದವರು ನಾಲ್ವರ ಎದುರಿಗೆ ಅವರನ್ನು ಗದರಿಸಿ, ಓದುವುದನ್ನು ಬಿಟ್ಟು ವಿಹಾರಕ್ಕೆ ಹೋಗಿ ಬಂದವಳಂತೆ ಕಂಡರೆಂದು ಅವರೇ ಮುಂದೆ ಹೇಳಿಕೊಂಡಿರುವರು. ಅಮೆರಿಕೆಯ ವರ್ಷವು ರೋಮಿನ ಲೆಕ್ಕಕ್ಕೆ ಸೇರಲಿಲ್ಲ. ಬೇರೊಬ್ಬರಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರೇನೋ. ಇವರು ಹಾಗಲ್ಲ. ಇಟಲಿಯ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರ ಮಂಡಲಿಗೆ ಸಲಹೆಗಾರರಾದ ಮೇಲೆ, ಪರದೇಶದಲ್ಲಿ ಮಾಡಿದ ವ್ಯಾಸಂಗವನ್ನು ಸ್ವದೇಶದ ವಿದ್ಯಾನಿಲಯವು ಒಪ್ಪತಕ್ಕದ್ದೆಂಬ ಸೂಚನೆಯನ್ನು ೧೯೬೯ರಲ್ಲಿ ಬರೆದು ಮುಂದಿಟ್ಟು, ಕಂಡ ಕಂಡ ಅಧಿಕಾರಿಗಳನ್ನೂ ಮಂತ್ರಿಗಳನ್ನೂ ಎಡೆಬಿಡದೆ ಕಾಡಿದರು. ೧೮ ವರ್ಷಗಳ ತರುವಾಯ, ೧೯೮೭ರಲ್ಲಿ, ಯೂರೋಪಿನ ರಾಷ್ಟ್ರಗಳು ಕೂಡಿ ಎರಾಸ್ಮಸ್ ಎಂಬ ಯೋಜನೆಯನ್ನು ಸ್ಥಾಪಿಸಿದುವು. ಮೊದಲನೆಯ ವರ್ಷ ೧೧ ದೇಶಗಳಿಂದ ೩,೨೪೪ ವಿದ್ಯಾರ್ಥಿಗಳು ಹೊರಟರು. ಅಂದಿನಿಂದ ಇಂದಿನವರೆಗೆ ಅಧ್ಯಾಪಕರೂ ಕಸುಬು ಕಲಿಯುವವರೂ ಸೇರಿ ಒಂದು ಕೋಟಿಗೂ ಮೇಲ್ಪಟ್ಟು ಜನರು ಅದರಿಂದ ಪ್ರಯೋಜನ ಹೊಂದಿರುವರು. ಕೊರ್ರಾದಿಯವರನ್ನು ಅಲ್ಲಿಯವರು ‘ಎರಾಸ್ಮಸ್ಸಿನ ಅಮ್ಮ’ ಎಂದು ಕರೆಯುತ್ತಿದ್ದರು. ಅವರು ೨೦೨೫ರಲ್ಲಿ ನಿಧನರಾದರು.

ಒಂದು ದೇಶದ ಓದನ್ನು ಮತ್ತೊಂದು ದೇಶವು ಒಪ್ಪುವುದು ಅಷ್ಟು ಕಷ್ಟವೇಕೆಂದು ಕೇಳಬಹುದು. ಅಂಕಗಳನ್ನೇ ತೆಗೆದುಕೊಳ್ಳಿರಿ. ಫ್ರಾನ್ಸಿನಲ್ಲಿ ೨೦ಕ್ಕೆ ಇಷ್ಟೆಂದು ಅಂಕ ಕೊಡುವರು. ಇಟಲಿಯ ವಿಶ್ವವಿದ್ಯಾನಿಲಯಗಳಲ್ಲಿ ೩೦ಕ್ಕೆ. ೧೮ ಬಂದರೆ ತೇರ್ಗಡೆ. ಜರ್ಮನಿಯಲ್ಲಿಯಾದರೋ ೧ ಎಂಬುದೇ ಅತ್ಯುತ್ತಮ, ೫ ಎಂದರೆ ಅನುತ್ತೀರ್ಣ! ಮಗಳು ಒಂದು ಅಂಕ ತಂದಳೆಂದು ನಮ್ಮೂರಿನ ತಾಯಿಯೊಬ್ಬರು ಕೇಳಿದರೆ ಎಷ್ಟು ಗಾಬರಿಪಟ್ಟಾರು! ಇದಲ್ಲದೆ, ಪದವಿಯ ಅವಧಿಯು ಒಂದು ಕಡೆ ಮೂರು ವರ್ಷ, ಇನ್ನೊಂದು ಕಡೆ ಐದು ವರ್ಷ. ಒಂದೇ ಹೆಸರಿನ ವಿಷಯದಲ್ಲಿ ಕಲಿಸುವ ಪಾಠಗಳೂ ಬೇರೆ ಬೇರೆ.

ಈ ತೊಡಕನ್ನು ಬಿಡಿಸಲು ಅವರು ಕಂಡುಕೊಂಡ ಉಪಾಯವು, ಅಂಕವನ್ನು ಬಿಟ್ಟು ಶ್ರಮವನ್ನು ಅಳೆಯುವುದು. ಸಾಧಾರಣ ವಿದ್ಯಾರ್ಥಿಯು ಒಂದು ವರ್ಷವೆಲ್ಲ ಓದುವ ಕೆಲಸವನ್ನು ೬೦ ಪಾಲು ಮಾಡಿ, ಒಂದೊಂದು ಪಾಲಿಗೆ ಕ್ರೆಡಿಟ್ ಎಂದು ಹೆಸರಿಟ್ಟರು. ತರಗತಿಯಲ್ಲಿ ಕುಳಿತ ಹೊತ್ತು, ಗ್ರಂಥಾಲಯದಲ್ಲಿ ಓದಿದ ಹೊತ್ತು, ಪರೀಕ್ಷೆಗೆ ಸಿದ್ಧವಾದ ಹೊತ್ತು ಎಲ್ಲವೂ ಸೇರಿ ಒಂದು ಕ್ರೆಡಿಟ್ಟಿಗೆ ೨೫ರಿಂದ ೩೦ ಗಂಟೆಗಳಾಗುವುವು. ವಿದ್ಯಾರ್ಥಿನಿಯು ಹೊರಡುವ ಮೊದಲೇ ತಾನು ಅಲ್ಲಿ ಯಾವ ಯಾವ ಪಾಠಗಳನ್ನು ಕಲಿಯುವೆನೆಂದು ಒಂದು ಕರಾರುಪತ್ರದಲ್ಲಿ ಬರೆಯಬೇಕು. ಅದಕ್ಕೆ ಅವಳೂ, ಕಳುಹಿಸುವ ವಿದ್ಯಾನಿಲಯವೂ, ಬರಮಾಡಿಕೊಳ್ಳುವ ವಿದ್ಯಾನಿಲಯವೂ ರುಜು ಹಾಕುವುದುಂಟು. ಹಿಂದಿರುಗಿದಾಗ ಆ ಕ್ರೆಡಿಟ್ಟುಗಳು ಅವಳ ಲೆಕ್ಕಕ್ಕೆ ಸೇರುವುವು. ಹೋದ ಕಡೆ ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ಕೊಡಬೇಕಾಗಿಲ್ಲ. ಗುಮಾಸ್ತರು ಗದರಿಸುವುದಕ್ಕೆ ಎಡೆಯೇ ಇಲ್ಲದಂತೆ, ಮಾತೆಲ್ಲ ಮುಂಚಿತವಾಗಿ ಕಾಗದದ ಮೇಲೆ ಮುಗಿದಿರುತ್ತದೆ. ಈ ಕರಾರುಪತ್ರವು ನಮಗೆ ಬಹಳ ಮೆಚ್ಚುಗೆಯಾಯಿತು.

೧೯೯೯ರಲ್ಲಿ ೨೯ ದೇಶಗಳ ವಿದ್ಯಾಮಂತ್ರಿಗಳು ಅದೇ ಪುರಾತನ ಬೊಲೋನ್ಯದಲ್ಲಿ ಸೇರಿ, ಪದವಿಗಳ ಮೆಟ್ಟಿಲುಗಳನ್ನು ಒಂದೇ ಅಳತೆಗೆ ತರಲು ನಿಶ್ಚಯಿಸಿದರು. ಯುನೆಸ್ಕೋ ಸಂಸ್ಥೆಯು ೨೦೧೯ರಲ್ಲಿ ಸರ್ವಲೋಕಕ್ಕೂ ಅನ್ವಯಿಸುವಂಥ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ೨೦೨೩ರಲ್ಲಿ ಜಾರಿಗೆ ಬಂದಿತು. ಆದರೆ ಇಂಥ ಸಂಬಂಧಗಳು ಕಟ್ಟಿದಷ್ಟೇ ಸುಲಭವಾಗಿ ಕಳಚಲೂಬಹುದು. ಬ್ರಿಟನ್ ದೇಶವು ಯೂರೋಪಿನ ಒಕ್ಕೂಟವನ್ನು ಬಿಟ್ಟಾಗ, ೨೦೨೧ರಲ್ಲಿ ಎರಾಸ್ಮಸ್ಸಿನಿಂದಲೂ ಹೊರಬಿದ್ದುದನ್ನು ನಾವು ಕಂಡಿದ್ದೇವೆ.

ದೇಶಾಂತರ ಸಂಬಂಧವೆಂಬುದು ಉಳ್ಳವರ ಮಕ್ಕಳ ವಿಲಾಸವೆಂದು ಕೆಲವರು ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಕಾಣಬೇಕಾದರೆ ಚಿತ್ತಗಾಂಗಿನ ಕಡೆಗೆ ನೋಡಬೇಕು. ಬಾಂಗ್ಲಾದೇಶದ ಆ ನಗರದಲ್ಲಿ ಏಷ್ಯದ ಮಹಿಳೆಯರಿಗಾಗಿಯೇ ೨೦೦೮ರಲ್ಲಿ ಒಂದು ವಿಶ್ವವಿದ್ಯಾನಿಲಯವು ಪ್ರಾರಂಭವಾಯಿತು. ನಾನಾ ದೇಶಗಳ ಹೆಣ್ಣುಮಕ್ಕಳು ಅಲ್ಲಿ ಒಟ್ಟಿಗೆ ಓದುವರು. ೨೦೨೧ರ ಆಗಸ್ಟಿನಲ್ಲಿ ಕಾಬೂಲು ತಾಲಿಬಾನರ ವಶವಾದಾಗ, ಅದರ ಆಫ್ಘನ್ ವಿದ್ಯಾರ್ಥಿನಿಯರು ನೂರಕ್ಕೂ ಮೇಲ್ಪಟ್ಟು ಮಂದಿ ವಿಮಾನ ನಿಲ್ದಾಣವನ್ನು ಹೇಗೋ ಸೇರಿ ದೇಶದಿಂದ ಹೊರಬಿದ್ದರು. ಅವರಲ್ಲಿ ಅನೇಕರಿಗೆ ಅಮೆರಿಕೆಯ ವಿಶ್ವವಿದ್ಯಾನಿಲಯಗಳು ಸ್ಥಳ ಕೊಟ್ಟುವು. ೨೦೨೨ರ ಡಿಸೆಂಬರಿನಲ್ಲಿ ಆ ದೇಶದ ವಿಶ್ವವಿದ್ಯಾನಿಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಪೂರ್ತಿಯಾಗಿ ಮುಚ್ಚಿತು. ನಮ್ಮ ಶಾಲೆಯ ಮಕ್ಕಳು ಬೆಳಿಗ್ಗೆ ಸಾಲಾಗಿ ನಿಂತಿರುವುದನ್ನು ನೋಡುವಾಗ, ಅವರ ವಯಸ್ಸಿನವರೇ ಅಲ್ಲಿ ಪುಸ್ತಕವನ್ನು ಮುಚ್ಚಿಟ್ಟು ಮನೆಯಲ್ಲಿ ಕುಳಿತಿರುವರೆಂಬ ಸಂಗತಿಯು ನಮ್ಮ ಮನಸ್ಸಿನಲ್ಲಿ ಸುಳಿಯದೆ ಹೋಗುವುದಿಲ್ಲ.

ಇನ್ನು ನಮ್ಮ ದೇಶದ ಮಾತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೩ರಲ್ಲಿ ನಿಯಮಗಳನ್ನು ಹೊರಡಿಸಿ, ಪರದೇಶದ ವಿಶ್ವವಿದ್ಯಾನಿಲಯಗಳು ಇಲ್ಲಿಯೇ ಶಾಖೆಗಳನ್ನು ತೆರೆಯಲು ಅವಕಾಶ ಕೊಟ್ಟಿತು. ಸೌತಾಂಪ್ಟನ್ ವಿಶ್ವವಿದ್ಯಾನಿಲಯವು ೨೦೨೫ರಲ್ಲಿ ಗುರುಗ್ರಾಮದಲ್ಲಿ ಪಾಠವನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಶಾಖೆಯನ್ನು ತೆರೆಯುವುದಕ್ಕೆ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ಅದೇ ವರ್ಷ ಒಪ್ಪಿಗೆಯ ಪತ್ರವು ದೊರೆಯಿತು. ಮಗಳನ್ನು ಸಮುದ್ರದಾಚೆ ಕಳುಹಿಸಲು ಧೈರ್ಯವಿಲ್ಲದ ಮನೆಗಳಿಗೆ ಇದು ಅನುಕೂಲವೇ ಸರಿ. ಆದರೆ ಶುಲ್ಕವು ಹಗುರವಾದುದಲ್ಲ. ಪರದೇಶಕ್ಕೆ ಹೋಗುವುದರಲ್ಲಿ ಅರ್ಧ ಪ್ರಯೋಜನವು ಅಪರಿಚಿತರ ನಡುವೆ ಬಾಳುವುದರಲ್ಲಿಯೇ ಇದೆಯೆಂದೂ ನಮಗೆ ತೋರುತ್ತದೆ. ಭಾರತವೂ ಬ್ರಿಟನ್ನೂ ಪರಸ್ಪರ ಪದವಿಗಳನ್ನು ಒಪ್ಪಿಕೊಳ್ಳುವುದಾಗಿ ೨೦೨೨ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿಯೂ ವೈದ್ಯ, ಕಾನೂನು ಮೊದಲಾದ ವೃತ್ತಿಪದವಿಗಳು ಸೇರಿಲ್ಲವೆಂಬುದನ್ನು ತಂದೆತಾಯಿಗಳು ಗಮನಿಸಬೇಕು. ದಲ್ಲಾಳಿಗಳು ಇಂಥ ವಿಷಯಗಳನ್ನು ತಾವಾಗಿ ಹೇಳುವುದು ಅಪರೂಪ. ಸಾಲ ತೆಗೆಯುವ ಮೊದಲು, ಆ ಪದವಿಯು ಇಲ್ಲಿ ಮಾನ್ಯವಾಗುವುದೇ ಎಂದು ಬರೆವಣಿಗೆಯಲ್ಲಿಯೇ ವಿಚಾರಿಸಿಕೊಳ್ಳುವುದು ಮೇಲು.

ಕಡೆಯದಾಗಿ ಒಂದು ಸಣ್ಣ ವಿಷಯ. ನಮ್ಮ ಅನುಭವದಲ್ಲಿ ಅತ್ಯಂತ ಹೆಚ್ಚು ತೊಂದರೆ ಕೊಟ್ಟಿರುವುದು ಇದೇ. ನಮ್ಮ ಕಡೆಯ ಮಕ್ಕಳ ಹೆಸರಿಗೆ ಮುಂದೆ ಒಂದೆರಡು ಅಕ್ಷರಗಳಿರುವುವೇ ಹೊರತು ಕುಲನಾಮವಿರುವುದಿಲ್ಲ. ಪರದೇಶದ ಅರ್ಜಿಗಳಾದರೋ ಕುಲನಾಮವನ್ನು ಕೇಳಿಯೇ ತೀರುವುವು. ರಹದಾರಿಯಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಕುಲನಾಮವೆಂದು ತಿಳಿದು, ಸ್ವಂತ ಹೆಸರಿನ ಸ್ಥಳದಲ್ಲಿ ‘ಎಫ್.ಎನ್.ಯು.’ ಎಂದು, ಅಂದರೆ ಹೆಸರು ತಿಳಿಯದೆಂದು, ಬರೆದುಬಿಡುವರು. ಅಂಕಪಟ್ಟಿಯಲ್ಲಿ ಒಂದು ಬಗೆ, ರಹದಾರಿಯಲ್ಲಿ ಇನ್ನೊಂದು ಬಗೆ, ಆಧಾರ್ ಚೀಟಿಯಲ್ಲಿ ಮತ್ತೊಂದು ಬಗೆಯಾದರೆ, ಮೂವರೂ ಒಬ್ಬಳೇ ಎಂದು ಸಾಧಿಸುವುದಕ್ಕೆ ಪ್ರಮಾಣಪತ್ರಗಳನ್ನು ಹಿಡಿದು ಅಲೆಯಬೇಕಾಗುವುದು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು ಶಾಲೆಯ ದಾಖಲೆ ಪುಸ್ತಕದಿಂದಲೇ ಹೋಗುತ್ತದೆ. ಪಟ್ಟಿಯನ್ನು ಮಂಡಲಿಗೆ ಕಳುಹಿಸುವ ಮೊದಲು ತಿದ್ದುವುದು ಸುಲಭ, ಆಮೇಲೆ ಬಹಳ ಪ್ರಯಾಸ. ಆ ದಾಖಲೆ ಪುಸ್ತಕವನ್ನು ಪ್ರತಿ ಶನಿವಾರ ಮಧ್ಯಾಹ್ನದವರೆಗೆ ಕಚೇರಿಯ ಮೇಜಿನ ಮೇಲೆ ಇರಿಸಲು ಏರ್ಪಾಡು ಮಾಡಿದ್ದೇವೆ. ಹತ್ತನೆಯ ತರಗತಿಯ ತಂದೆತಾಯಿಗಳು ಮಗಳ ಜನನಪತ್ರವನ್ನು ಜೊತೆಗೆ ತಂದು, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ರುಜು ಹಾಕಿ ಹೋಗಬಹುದು.