ಬಂಗಲೆ ಬಿಟ್ಟು ಓಣಿಗೆ ಬಂದ ನಾಯಕಿ

ಅರವತ್ತರ ದಶಕದ ಜನಪ್ರಿಯ ಕನ್ನಡ ಕಾದಂಬರಿಯ ನಾಯಕಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಹಡಿ ಮನೆ, ಅಂಗಳದಲ್ಲಿ ಮಲ್ಲಿಗೆ ಚಪ್ಪರ, ಕಾಲೇಜಿನ ದಿನಗಳು, ಬಾಯಿಬಿಟ್ಟು ಹೇಳಲಾಗದ ಒಂದು ಪ್ರೀತಿ. ಅವಳು ಆಡುವ ಮಾತು ತಿದ್ದಿ ತೀಡಿದ ಕನ್ನಡ. ಆ ನಾಯಕಿಯ ಮನಸ್ಸಿನೊಳಗೆ ಇಳಿದು ನೋಡಿದ ತ್ರಿವೇಣಿ 1963ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಅನುಪಮಾ ನಿರಂಜನ, ಎಂ.ಕೆ. ಇಂದಿರಾ ಅವಳ ಲೋಕವನ್ನು ಇನ್ನಷ್ಟು ಹಿಗ್ಗಿಸಿದರು. 1965ರಲ್ಲಿ ‘ಸುಧಾ’ ವಾರಪತ್ರಿಕೆ ಶುರುವಾದ ಮೇಲೆ ಧಾರಾವಾಹಿಗಳಲ್ಲಿ ಅವಳು ವಾರವಾರವೂ ಮನೆಬಾಗಿಲಿಗೆ ಬಂದಳು. ಕಲಬುರಗಿಗೂ ಬಂದಳು. ಆದರೆ ತೊಗರಿ ಹೊಲ, ಶಹಾಬಾದ್ ಕಲ್ಲಿನ ಮನೆ, ಬಟ್ಟೆ ಗಿರಣಿಯ ಪಾಳಿ, ಉರ್ದು ಬೆರೆತ ಮಾತುಗಳ ನಡುವೆ ಬೆಳೆದ ಇಲ್ಲಿನ ಹುಡುಗಿಗೆ ಆ ಮಹಡಿ ಮನೆ ನಿಜವಾಗಿಯೂ ಒಂದು ಮಾಯಾಲೋಕ. ರಾಜಕುಮಾರಿಯ ಕಥೆಗೂ ಆ ಕಾದಂಬರಿಗೂ ಅವಳ ಮಟ್ಟಿಗೆ ಹೆಚ್ಚು ಅಂತರವಿರಲಿಲ್ಲ.

ಆ ಮಾಯಾಲೋಕದ ನಾಯಕಿಯನ್ನು ಬರೆಯುತ್ತಲೇ ಲೇಖನಿ ಹಿಡಿದು, ಮುಂದೆ ತನ್ನ ಓಣಿಯ ಹೆಂಗಸನ್ನು ಕನ್ನಡ ಕಾದಂಬರಿಯ ನಡುಮನೆಗೆ ಕರೆತಂದು ಕೂರಿಸಿದವರು ಗೀತಾ ನಾಗಭೂಷಣ. ಕಲಬುರಗಿಯ ಹೊರಗೆ ಅವರ ಹೆಸರನ್ನು ಬಹಳ ಮಂದಿ ಪ್ರಶಸ್ತಿಗಳ ಪಟ್ಟಿಯಲ್ಲಿ ಕಂಡಿದ್ದಾರೆ. ಅವರನ್ನು ಓದಿದವರು ಅಷ್ಟಿಲ್ಲ. ಈ ಲೇಖನ ಓದದವರಿಗಾಗಿ.

ಗೀತಾ ಹುಟ್ಟಿದ್ದು 1942ರ ಮಾರ್ಚ್ 25ರಂದು, ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ. ಆಗ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದು. ಕನ್ನಡ ಶಾಲೆಯೇ ಅಪರೂಪ. ಅಲ್ಲಿ ಹೆಣ್ಣುಮಕ್ಕಳು ಇನ್ನೂ ಅಪರೂಪ. ಅವರಿಗೆ ಆರು ವರ್ಷವಾದಾಗ, 1948ರ ಸೆಪ್ಟೆಂಬರಿನಲ್ಲಿ, ರಜಾಕಾರರ ಹಾವಳಿ ಮುಗಿದು ಸಂಸ್ಥಾನ ಭಾರತಕ್ಕೆ ಸೇರಿತು. ಹದಿನಾಲ್ಕಾದಾಗ, 1956ರಲ್ಲಿ, ಕಲಬುರಗಿ ಮೈಸೂರು ರಾಜ್ಯದ ಭಾಗವಾಯಿತು. ಅಂದರೆ ಹಳೆ ಮೈಸೂರಿನ ಹುಡುಗಿಗೆ ಅಜ್ಜಿಯ ಕಾಲದಿಂದ ದಕ್ಕಿದ್ದ ಕನ್ನಡ ಶಾಲೆ, ಕನ್ನಡ ಪತ್ರಿಕೆ, ಕನ್ನಡ ಗ್ರಂಥಾಲಯ ಇವರ ಪೀಳಿಗೆಗೆ ಕಣ್ಣೆದುರೇ ಒಂದೊಂದಾಗಿ ತೆರೆದುಕೊಂಡವು.

ತಂದೆ ಬಟ್ಟೆ ಗಿರಣಿಯ ಕಾರ್ಮಿಕ. ಬಡ, ಹಿಂದುಳಿದ ಸಮುದಾಯದ ಮನೆ. ಮೆಟ್ರಿಕ್ ಮುಗಿಸಿದ ಹುಡುಗಿ ಗುಮಾಸ್ತೆಯಾಗಿ ಕೆಲಸಕ್ಕೆ ಸೇರಿದರು. ಓದನ್ನು ಮಾತ್ರ ಬಿಡಲಿಲ್ಲ. ಬಿ.ಎ., ಬಿ.ಎಡ್., ಎಂ.ಎ. ಎಲ್ಲವೂ ದುಡಿಮೆಯ ಜೊತೆಜೊತೆಗೇ ಬಂದವು. ಆಮೇಲೆ ಕಲಬುರಗಿಯ ನಗರೇಶ್ವರ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಪ್ರಾಂಶುಪಾಲರಾಗಿ ದಶಕಗಳ ಕಾಲ ಕೆಲಸ ಮಾಡಿದರು. ಇಷ್ಟರ ನಡುವೆ ಇಪ್ಪತ್ತೈದಕ್ಕೂ ಹೆಚ್ಚು ಕಾದಂಬರಿ, ಹಲವು ಕಥೆಗಳು, ನಾಟಕಗಳು. ಹಗಲು ಸಂಬಳದ ಕೆಲಸ, ಹೊತ್ತು ಮುಳುಗಿದ ಮೇಲೆ ಮನೆಗೆಲಸ, ಇವೆರಡರ ಸಂದಿಯಲ್ಲಿ ಬರವಣಿಗೆ ಎಂಬುದು ಕನ್ನಡದ ಬಹುಪಾಲು ಲೇಖಕಿಯರ ಪಾಡು. ಮಿಲ್ ಕಾರ್ಮಿಕನ ಮಗಳಿಗೆ ಅದರ ಮೇಲೊಂದು ಹೊರೆಯಿತ್ತು. ತನ್ನಂಥವಳು ಬರೆಯಬಹುದು ಎಂದು ತೋರಿಸಿಕೊಟ್ಟ ಇನ್ನೊಬ್ಬಳು ಅವರ ಹಿಂದೆ ಇರಲಿಲ್ಲ.

ಮೊದಲ ಕಾದಂಬರಿ ‘ತಾವರೆಯ ಹೂವು’ 1968ರಲ್ಲಿ ಬಂತು. ಅವರ ಬರಹದ ಹಾದಿ ತಿಳಿಯಬೇಕಾದರೆ ಪುಸ್ತಕಗಳ ಹೆಸರುಗಳನ್ನೇ ಸಾಲಾಗಿ ಓದಿಕೊಂಡರೆ ಸಾಕು. ‘ತಾವರೆಯ ಹೂವು’, ‘ಚಂದನದ ಚಿಗುರು’, ‘ಸಪ್ತವರ್ಣದ ಬಾನಿನಲ್ಲಿ’ ಒಂದು ಕಡೆ. ‘ಹಸಿಮಾಂಸ ಮತ್ತು ಹದ್ದುಗಳು’, ‘ದಂಗೆ’, ‘ಬದುಕು’ ಇನ್ನೊಂದು ಕಡೆ. ಹೂವು, ಚಿಗುರು, ಕಾಮನಬಿಲ್ಲು ಮಾಯವಾಗಿ ಮಾಂಸ, ಹದ್ದು, ದಂಗೆ ಬಂದಿವೆ. ಒಬ್ಬರೇ ಲೇಖಕಿಯ ಪುಸ್ತಕಗಳೆಂದು ನಂಬುವುದು ಕಷ್ಟ. ಮೊದಲಿನವನ್ನು ನಾನು ಕಡೆಗಣಿಸುವುದಿಲ್ಲ. ಒಬ್ಬ ದುಡಿಯುವ ಹುಡುಗಿ ತಾನು ಓದಿ ಬೆರಗಾದ ಲೋಕವನ್ನು ತಾನೂ ಕಟ್ಟಬಲ್ಲೆ ಎಂದು ಮೊದಲು ತೋರಿಸಬೇಕಾಗುತ್ತದೆ. ಕನ್ನಡದ ಓದುಗರ ಎದುರು ಅವರು ಪಡೆದ ಪರವಾನಗಿ ಅದು. ಆ ಪರವಾನಗಿ ಸಿಕ್ಕ ಮೇಲೆ ಏನು ಮಾಡಿದರು ಎಂಬುದರಲ್ಲಿ ಅವರ ದೊಡ್ಡತನವಿದೆ.

ಇಲ್ಲಿ ಸ್ವಲ್ಪ ದೂರದ ಒಂದು ಹೆಸರನ್ನು ತರುತ್ತೇನೆ. ಗೀತಾ ಅವರ ಮೊದಲ ಕಾದಂಬರಿ ಬಂದ 1968ರಲ್ಲೇ ಅಮೆರಿಕದಲ್ಲಿ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಪ್ರಕಟವಾಯಿತು. ದ್ವೀಪಗಳು, ಮಂತ್ರವಾದಿಗಳು, ಡ್ರ್ಯಾಗನ್‌ಗಳ ಅಪ್ಪಟ ಫ್ಯಾಂಟಸಿ ಲೋಕ ಅದು. ಆ ಸರಣಿಯ ಎರಡನೆಯ ಪುಸ್ತಕ ‘ದಿ ಟೂಂಬ್ಸ್ ಆಫ್ ಅಟುವಾನ್’ ಕಾದಂಬರಿಯ ನಾಯಕಿ ಟೆನಾರ್. ಅವಳನ್ನು ಎಳೆಯ ವಯಸ್ಸಿನಲ್ಲೇ ತಂದೆತಾಯಿಯಿಂದ ಬಿಡಿಸಿ ಹೆಸರಿಲ್ಲದ ದೇವತೆಗಳಿಗೆ ಒಪ್ಪಿಸುತ್ತಾರೆ. ಅವಳ ಹೆಸರನ್ನೂ ಕಿತ್ತುಕೊಳ್ಳುತ್ತಾರೆ. ಅಮೆರಿಕದ ಓದುಗರಿಗೆ ಇದು ಕಲ್ಪನೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಓದುಗರಿಗೆ? ಇಲ್ಲಿ ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದಾರೆ. ಬಸವಿ, ಜೋಗಿಣಿ ಎಂದು ಕರೆದು ಊರ ಉಳ್ಳವರ ಕೈಗೆ ಒಪ್ಪಿಸಿದ್ದಾರೆ. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದೇ 1982ರಲ್ಲಿ. ಫ್ಯಾಂಟಸಿ ಲೇಖಕಿ ಕಷ್ಟಪಟ್ಟು ಕಲ್ಪಿಸಿಕೊಂಡ ಕತ್ತಲಗುಡಿ ಗೀತಾ ಅವರಿಗೆ ಕೂಗಳತೆಯ ದೂರದಲ್ಲಿತ್ತು.

ಲೆ ಗ್ವಿನ್ ಅವರೂ ಹೊರಳಿದರು. 1990ರ ‘ತೆಹಾನು’ ಕಾದಂಬರಿಯಲ್ಲಿ ಅದೇ ಟೆನಾರ್ ನಡುವಯಸ್ಸಿನ ವಿಧವೆ, ಒಕ್ಕಲುತನದ ಹೆಂಗಸು. ಆಡು ಕಾಯುತ್ತಾಳೆ, ಪಾತ್ರೆ ತಿಕ್ಕುತ್ತಾಳೆ, ಸುಟ್ಟು ಬಿಸಾಡಿದ್ದ ಒಂದು ಮಗುವನ್ನು ಎತ್ತಿ ಸಾಕುತ್ತಾಳೆ. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ ಲೆ ಗ್ವಿನ್ ತಮ್ಮ ನಾಯಕಿಯ ಬಗ್ಗೆ, ತಮ್ಮ ಬರವಣಿಗೆಯ ಬಗ್ಗೆ ಬಿಚ್ಚು ಮನಸ್ಸಿನಿಂದ ಮಾತಾಡಿದರು. ವೀರಗಾಥೆ ಎಂಬ ಪ್ರಕಾರವೇ ಗಂಡಸರ ಕಣ್ಣಿನಲ್ಲಿ ರೂಪುಗೊಂಡದ್ದು, ತಾನೂ ಅರಿಯದೆ ಆ ಕಣ್ಣಿನಿಂದಲೇ ಬರೆಯುತ್ತಿದ್ದೆ, ಹೆಣ್ಣಿನ ಕಡೆಯಿಂದ ಆ ಲೋಕ ಹೇಗೆ ಕಾಣುತ್ತದೆ ಎಂದು ಮತ್ತೆ ನೋಡಬೇಕಾಯಿತು ಎಂಬುದು ಅವರ ಮಾತಿನ ತಿರುಳು. ಒಬ್ಬರು ಡ್ರ್ಯಾಗನ್‌ಗಳ ಲೋಕದಿಂದ, ಇನ್ನೊಬ್ಬರು ಮಹಡಿ ಮನೆಯ ಪ್ರೇಮಕಥೆಯಿಂದ ಹೊರಟು, ಪರಸ್ಪರ ಗುರುತಿಲ್ಲದೆಯೇ ದುಡಿದು ದಣಿದ ಹೆಂಗಸಿನ ಹತ್ತಿರ ಬಂದು ನಿಂತರು. ವಾಸ್ತವವನ್ನು ಬರೆಯಲು ಕಲ್ಪನಾಶಕ್ತಿ ಕಡಿಮೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾದಂಬರಿಯಲ್ಲಿ ಹಿಂದೆಂದೂ ಕಾಣಿಸದ ಹೆಂಗಸನ್ನು ಮೊದಲ ಬಾರಿ ಕಾಣಿಸುವವರಿಗೆ ಎಲ್ಲರಿಗಿಂತ ಹೆಚ್ಚು ಕಲ್ಪನೆ ಬೇಕು.

ಆ ಹೆಂಗಸು ಯಾರು? ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರದ ಕಡೆ ಹೊರಟರೆ ಅವಳು ಇಂದಿಗೂ ಎದುರಾಗುತ್ತಾಳೆ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ, ಹೆಚ್ಚು ಆರೈಕೆ ಬೇಡುವ ಬೆಳೆ ಅದು. ಬೆಲೆಯೂ ಹೆಚ್ಚು. ಸುತ್ತ ತೊಗರಿ, ಜೋಳ. ಬೆಳಗಾಗುವ ಹೊತ್ತಿಗೆ ರೊಟ್ಟಿಗಂಟು ಹಿಡಿದು, ತಲೆಗೆ ಸೆರಗು ಸುತ್ತಿಕೊಂಡು ಗುಂಪಾಗಿ ನಡೆಯುವ ಹೆಂಗಸರನ್ನು ‘ಎಲ್ಲಿಗಿ ಹೊಂಟೀರವ್ವಾ?’ ಎಂದು ಕೇಳಿದರೆ ‘ಹೊಲಕ್ಕ ಹೊಂಟೀವ್ರಿ’ ಎನ್ನುತ್ತಾರೆ. ಹೊಲ ಅವರದಲ್ಲ. ಕಳೆ ಕೀಳುವುದು, ತೊಗರಿ ಕೊಯ್ಯುವುದು, ರಾಶಿ ಮಾಡುವುದು ಅವರದು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಮುಂಬೈಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುವುದೂ ಅವರೇ. ಗೀತಾ ಅವರ ನಾಯಕಿ ಈ ಗುಂಪಿನವಳು. ಅವಳಿಗೆ ಹಸಿವಿದೆ, ಸಿಟ್ಟಿದೆ, ಆಸೆಯಿದೆ. ಜಗಳವಾಡುತ್ತಾಳೆ, ಬೈಯುತ್ತಾಳೆ, ಹಾಡು ಕಟ್ಟುತ್ತಾಳೆ. ಕಣ್ಣೀರು ಹಾಕುತ್ತಾಳೆ, ಆದರೆ ಓದುಗರ ಕನಿಕರ ಗಿಟ್ಟಿಸಲು ಕುಳಿತವಳಲ್ಲ.

‘ಹಸಿಮಾಂಸ ಮತ್ತು ಹದ್ದುಗಳು’ ಹೆಸರೇ ಹೇಳುವಂತೆ ಬಡವಳ ಮೈಯ ಮೇಲೆ ಎರಗುವವರ ಕಥೆ. ಅದನ್ನಾಧರಿಸಿ ‘ಹೆಣ್ಣಿನ ಕೂಗು’ ಎಂಬ ಸಿನಿಮಾ ಬಂತು. ಆದರೆ ಅವರ ಮೇರುಕೃತಿ ‘ಬದುಕು’. ಒಬ್ಬಳೇ ನಾಯಕಿಯನ್ನು ಮುಂದೆ ನಿಲ್ಲಿಸಿ ಉಳಿದವರನ್ನು ಹಿನ್ನೆಲೆಗೆ ತಳ್ಳುವ ಕಾದಂಬರಿಯಲ್ಲ ಅದು. ಒಂದು ಇಡೀ ಕೆಳಸ್ತರದ ಸಮುದಾಯವೇ ಅಲ್ಲಿ ಉಸಿರಾಡುತ್ತದೆ. ಅದರ ದೇವರು, ಜಾತ್ರೆ, ಕುಡಿತ, ಕೂಲಿ, ಮದುವೆ, ಗೌಡರ ದಬ್ಬಾಳಿಕೆ, ಒಳಜಗಳ ಎಲ್ಲವೂ ಇವೆ. ಹಲವು ಹೆಂಗಸರು ಬರುತ್ತಾರೆ. ಒಬ್ಬಳ ಕಥೆ ಇನ್ನೊಬ್ಬಳ ಕಥೆಗೆ ತಗುಲಿಕೊಂಡೇ ಸಾಗುತ್ತದೆ. ಕೌದಿ ಹೊಲಿದಂತೆ ತುಂಡಿಗೆ ತುಂಡು ಸೇರಿಸಿ ಕಟ್ಟಿದ ಪುಸ್ತಕ. ಅದರ ಹರವು ಕೆಲವೊಮ್ಮೆ ಅತಿಯೆನಿಸುತ್ತದೆ, ನಿಜ. ಅಲ್ಲಲ್ಲಿ ಲೇಖಕಿ ಕಥೆಯನ್ನು ನಿಲ್ಲಿಸಿ ಆಚರಣೆಗಳ ವಿವರಕ್ಕೆ ಇಳಿಯುತ್ತಾರೆ. ಆದರೂ ಯಾರೂ ಬರೆದಿಡದ ಬಾಳನ್ನು ದಾಖಲಿಸುವವರಿಗೆ ಬಿಡುವುದು ಕಷ್ಟ. ಬಿಟ್ಟದ್ದು ಕಳೆದೇ ಹೋಗುತ್ತದೆ ಎಂಬ ಆತಂಕ ಆ ಪುಟಗಳಲ್ಲಿ ಕಾಣುತ್ತದೆ. ಆ ಆತಂಕ ನನಗೆ ಅರ್ಥವಾಗುತ್ತದೆ.

ಅವರ ಕಸುಬಿನ ಗುಟ್ಟು ಭಾಷೆಯಲ್ಲಿದೆ. ಪಾತ್ರಗಳು ಮಾತಾಡುವಾಗಷ್ಟೇ ಆಡುನುಡಿ ಬಳಸಿ, ಲೇಖಕಿ ತಾನು ಮಾತಾಡುವಾಗ ಶಿಷ್ಟ ಕನ್ನಡಕ್ಕೆ ಮರಳುವುದು ಸುಲಭದ ದಾರಿ. ಅದರಲ್ಲಿ ಒಂದು ತಾರತಮ್ಯ ಅಡಗಿದೆ: ಅವರು ಹಾಗೆ ಮಾತಾಡುವವರು, ನಾನು ಹೀಗೆ ಬರೆಯುವವಳು. ‘ಬದುಕು’ ಬರೆಯುವಾಗ ಗೀತಾ ಆ ಗೋಡೆ ಒಡೆದರು. ನಿರೂಪಣೆಯೊಳಕ್ಕೂ ಕಲಬುರಗಿಯ ನುಡಿ ನುಗ್ಗಿದೆ. ದಕ್ಷಿಣದಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆಯುವಾಗ ನಂಜನಗೂಡು ಸೀಮೆಯ ನುಡಿಯಲ್ಲಿ ಮಾಡಿದ್ದೂ, ಅಮೆರಿಕದಲ್ಲಿ ಆಲಿಸ್ ವಾಕರ್ 1982ರ ‘ದಿ ಕಲರ್ ಪರ್ಪಲ್’ ಕಾದಂಬರಿಯಲ್ಲಿ ಕಪ್ಪು ಹೆಣ್ಣುಮಗಳಿಂದ ಅವಳದೇ ಮಾತಿನಲ್ಲಿ ಪತ್ರ ಬರೆಸಿದ್ದೂ ಇದೇ ಧೈರ್ಯ. ಕಲಬುರಗಿಯಲ್ಲೇ ಚೆನ್ನಣ್ಣ ವಾಲೀಕಾರ ಬಂಡಾಯದ ಕಾವಿನಲ್ಲಿ ಈ ನೆಲದ ನುಡಿಯನ್ನು ಸಾಹಿತ್ಯಕ್ಕೆ ತಂದವರು. ಗೀತಾ ಅವರ ಬರಹದಲ್ಲಿ ಅದೇ ನುಡಿ ಹೆಂಗಸರ ನಾಲಿಗೆಯ ಮೇಲೆ ಬೇರೆಯೇ ಹರಿತ ಪಡೆಯಿತು. ಒಲೆ ಮುಂದೆ, ನೀರಿನ ಸರದಿಯಲ್ಲಿ, ಹೊಲದ ಬದುವಿನ ಮೇಲೆ, ಗಂಡಸರಿಲ್ಲದ ಹೊತ್ತಿನಲ್ಲಿ ಆಡುವ ಮಾತು ಅದು. ಅದನ್ನು ಕೇಳಿಸಿಕೊಳ್ಳಲು ಓಣಿಯ ಮಗಳೇ ಆಗಿರಬೇಕಿತ್ತು.

‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ 1955ರಿಂದ ಸಿಗುತ್ತಿತ್ತು. ಸುಮಾರು ಅರ್ಧ ಶತಮಾನದ ಪಟ್ಟಿಯಲ್ಲಿ ಅದುವರೆಗೆ ಒಬ್ಬ ಲೇಖಕಿಯ ಹೆಸರೂ ಇರಲಿಲ್ಲ. ತ್ರಿವೇಣಿ ಇರಲಿಲ್ಲ, ಅನುಪಮಾ ಇರಲಿಲ್ಲ, ಇಂದಿರಾ ಇರಲಿಲ್ಲ. ಆ ಬಾಗಿಲನ್ನು ಮೊದಲು ತೆರೆದದ್ದು ರಾಜಧಾನಿಯಿಂದ ಬಲು ದೂರದ ಕಲಬುರಗಿಯ ಗಿರಣಿ ಕಾರ್ಮಿಕನ ಮಗಳು ಎಂಬುದು ನನಗೆ ಇವತ್ತಿಗೂ ಮೈ ನವಿರೇಳಿಸುವ ಸಂಗತಿ. ಎರಡನೆಯವರಾಗಿ ವೈದೇಹಿ ಬಂದದ್ದು 2009ರಲ್ಲಿ. 2010ರ ಫೆಬ್ರುವರಿಯಲ್ಲಿ ಗದಗದ 76ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಗೀತಾ ಅಧ್ಯಕ್ಷರಾದರು. ಅವರಿಗಿಂತ ಮೊದಲು ಆ ಪೀಠದಲ್ಲಿ ಕುಳಿತ ಮಹಿಳೆಯರು ಮೂವರೇ: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಸಂದವು. 2020ರ ಫೆಬ್ರುವರಿಯಲ್ಲಿ ಸಮ್ಮೇಳನ ಅವರದೇ ಊರಿನಲ್ಲಿ ನಡೆಯಿತು. ಅದೇ ವರ್ಷ ಜೂನ್ 28ರಂದು, ಕೊರೊನಾದ ಕಾಲದಲ್ಲಿ, ಅವರು ತೀರಿಕೊಂಡರು. ನಾಡು ಅವರನ್ನು ಸರಿಯಾಗಿ ಬೀಳ್ಕೊಡುವ ಸ್ಥಿತಿಯಲ್ಲೂ ಇರಲಿಲ್ಲ.

ಅವರ ಕೃತಿಗಳ ಓದು ಅವರೊಂದಿಗೇ ನಿಲ್ಲಬಾರದು ಎಂಬುದು ನನ್ನ ಒತ್ತಾಯ. ಕಲಬುರಗಿಯ ಕಾಲೇಜುಗಳಲ್ಲಿ ಓದುವ ಹುಡುಗಿಯರಲ್ಲಿ ಅನೇಕರು ಕಮಲಾಪುರ, ಚಿಂಚೋಳಿ, ಆಳಂದದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಮನೆಯಲ್ಲಿ ಮೊದಲು ಪದವಿ ಕಾಣುವವರು. ಅವರ ಕೈಯಲ್ಲಿ ಈಗ ಮೊಬೈಲ್ ಇದೆ, ಅದರಲ್ಲಿ ಹೊಸ ಬಂಗಲೆಗಳ ಹೊಸ ನಾಯಕಿಯರಿದ್ದಾರೆ. ಆ ಕನಸು ಕಾಣಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ತಮ್ಮ ಅವ್ವನಂಥವಳು, ಚಿಕ್ಕವ್ವನಂಥವಳು ಐನೂರು ಪುಟದ ಕಾದಂಬರಿಗೂ ಸಾಲದಷ್ಟು ದೊಡ್ಡ ಪಾತ್ರವೆಂದು ಅವರಿಗೆ ಯಾರಾದರೂ ತೋರಿಸಬೇಕು. ಪಠ್ಯದಲ್ಲಿ ಒಂದು ತುಣುಕು ಇಟ್ಟರೆ ಸಾಲದು. ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಅವರ ಇಡೀ ಕಾದಂಬರಿಗಳು ಕೈಗೆಟುಕುವಂತಿರಬೇಕು, ಮುದ್ರಣ ಮುಗಿದವು ಮತ್ತೆ ಅಚ್ಚಾಗಬೇಕು.

ಮೊದಲ ಬಾರಿ ಓದುವವರು ‘ಅವ್ವ ಮತ್ತು ಇತರ ಕಥೆಗಳು’ ಸಂಕಲನದಿಂದ ಶುರು ಮಾಡಬಹುದು. ಅವರ ನುಡಿಗೆ ಕಿವಿ ಹೊಂದಿಕೊಳ್ಳುತ್ತದೆ. ಆಮೇಲೆ ‘ಹಸಿಮಾಂಸ ಮತ್ತು ಹದ್ದುಗಳು’. ‘ಬದುಕು’ ಓದಲು ಒಂದಿಷ್ಟು ಬಿಡುವು ಮಾಡಿಕೊಳ್ಳಿ. ಕಲಬುರಗಿ ಕಡೆಯವರಲ್ಲದಿದ್ದರೆ ಮೊದಲ ಇಪ್ಪತ್ತು ಪುಟಗಳನ್ನು ದನಿಯೆತ್ತಿ ಓದಿ. ಕಣ್ಣಿಗೆ ತೊಡಕೆನಿಸಿದ ಮಾತು ಬಾಯಿಗೆ ಬಂದಾಗ ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ಕಡೆಯವರಾದರೆ ಮನೆಯ ಹಿರಿಯ ಹೆಣ್ಣುಮಗಳೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ ಹೇಳಿ. ಅವರು ನಡುನಡುವೆ ತಡೆದು, ಇದು ಹೀಂಗಲ್ಲ, ನಮ್ಮೂರಾಗ ಹಾಂಗ ಆಗಿತ್ತು ಎಂದು ತಮ್ಮ ಕಥೆ ಶುರು ಮಾಡಿದರೆ ಪುಸ್ತಕ ಮಡಚಿಟ್ಟು ಅದನ್ನೂ ಕೇಳಿ.